ಸಿನಿಮಾಕ್ಕೂ ಒಂದು ಕಿರ್ದಿ

2016ರ ಜೂನ್ ತಿಂಗಳು. ಬೆಂಗಳೂರಿನಲ್ಲಿ ತಂಗಿ ಮನೆಗೆ ಹೋಗಿದ್ದೆ. ಅಲ್ಲಿ ‘ತಿಥಿ’ ನೋಡಿ, ಮರುದಿನ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಗೆ ಬಂದೆ. ಆಫೀಸಿನಲ್ಲಿ ಜೊತೆಯವರು ಕೇಳಿದರು, “ಹೆಂಗಿತ್ರಿ ಅಕ್ಕೋರೆ ಸಿನಿಮಾ?”

“ಭಾಳ ಛಲೋ ಅದರಿ. ಲೊಕಾರ್ನೊದಾಗ ಪ್ರಶಸ್ತಿ ಬಂದದ. ಹಳ್ಳಿ ಮಂದಿನೇ ನಟನೆ ಮಾಡ್ಯಾರ” ಅಂದೆ.

ಹೇಳಿದ್ದರಲ್ಲಿ ಸುಳ್ಳು ಏನೂ ಇರಲಿಲ್ಲ. ರಾಮ್ ರೆಡ್ಡಿ ಆ ಸಿನಿಮಾವನ್ನು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಲ್ಲಿ, ಅಲ್ಲಿನವರನ್ನೇ ಇಟ್ಟುಕೊಂಡು ಮಾಡಿದ್ದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿಯೂ ಬಂದಿತ್ತು. ಆದರೆ ಅದೆಲ್ಲ ಪೇಪರಿನಲ್ಲಿ ಓದಿದ್ದು. “ಅದು ಇರ್ಲಿ, ನಿಮಗ ಯಾವ ಸೀನು ಹಿಡಿಸ್ತು?” ಅಂತ ಅವರು ಮತ್ತೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ಅರ್ಧ ಗಂಟೆ ನಾನು ಎರಡು ಸಲ ಮೊಬೈಲ್ ನೋಡಿಕೊಂಡಿದ್ದೆ. ಅದನ್ನು ಹೇಳಲು ಧೈರ್ಯ ಬರಲಿಲ್ಲ. ಎಲ್ಲರೂ ಹೊಗಳಿದ ಸಿನಿಮಾ ನನಗೆ ಮಾತ್ರ ಹಿಡಿಸಲಿಲ್ಲ ಅಂದರೆ ತಪ್ಪು ನನ್ನದೇ ಇರಬೇಕು ಅನ್ನಿಸಿತ್ತು.

ಆ ದಿನ ಸಂಜೆ ತುಂಬಾ ಬೇಜಾರಾಯಿತು. ಎರಡು ಗಂಟೆ ಕೂತು ನೋಡಿದ್ದು ನಾನು, ಆದರೆ ಬಾಯಲ್ಲಿ ಬಂದದ್ದು ಬೇರೆಯವರ ಮಾತು.

ನಾನು ಕಲಬುರಗಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ನಮ್ಮಲ್ಲಿ ಈಗ ಎಲ್ಲ ಕಂಪ್ಯೂಟರಿಗೆ ಹೋಗಿದೆ. ಆದರೆ ನಾನು ಕೆಲಸ ಕಲಿತದ್ದು ಕೈಯಲ್ಲಿ ಬರೆಯುವ ಕಿರ್ದಿಯಲ್ಲಿ, ಅಂದರೆ ದಿನದಿನದ ಲೆಕ್ಕದ ಪುಸ್ತಕದಲ್ಲಿ. ಕಿರ್ದಿಗೆ ಎರಡು ನಿಯಮ. ಆ ದಿನದ್ದು ಆ ದಿನವೇ ಬರೆಯಬೇಕು. ತಪ್ಪಾದರೆ ಅಳಿಸಬಾರದು, ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಹಳೆಯದೂ ಓದಲು ಬರುವಂತೆ ಇರಬೇಕು. ಸಿನಿಮಾಕ್ಕೂ ಇದೇ ನಿಯಮ ಹಾಕಿಕೊಂಡರೆ ಹೇಗೆ ಅಂತ ಯೋಚಿಸಿದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ.

ಬಲಗಡೆ ಪುಟ ಸಿನಿಮಾ ನೋಡಿದ ರಾತ್ರಿಗೆ. ಎಡಗಡೆ ಪುಟ ಖಾಲಿ ಬಿಡುತ್ತೇನೆ, ಅದು ಆಮೇಲೆ ಬರುವ ಮಾತಿಗೆ. ಬಲಗಡೆ ತುಂಬುವ ತನಕ ಯಾರ ವಿಮರ್ಶೆಯನ್ನೂ ಓದುವುದಿಲ್ಲ, ಯಾರಿಗೂ ಫೋನ್ ಮಾಡುವುದಿಲ್ಲ. ಹದಿನೈದು ನಿಮಿಷ ಸಾಕು. ಕಥೆ ಬರೆಯಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ಕಣ್ಣು ಮುಚ್ಚಿದರೆ ಯಾವ ದೃಶ್ಯ ಮೊದಲು ಬರುತ್ತದೋ ಅದನ್ನು ಬರೆಯುತ್ತೇನೆ. ಎಲ್ಲಿ ಗಡಿಯಾರ ನೋಡಿಕೊಂಡೆ ಅನ್ನುವುದನ್ನೂ ಬರೆಯುತ್ತೇನೆ. ‘ಸೂಪರ್’, ‘ಬೋರ್’, ‘ಚೆನ್ನಾಗಿದೆ’ ಈ ಮೂರು ಮಾತು ನೋಟ್‌ಬುಕ್ಕಿನಲ್ಲಿ ಬರಬಾರದು ಅಂತ ಮೊದಲ ದಿನವೇ ನಿರ್ಧಾರ ಮಾಡಿದೆ. ಅವು ಬಂದರೆ ಕೈ ಅಲ್ಲೇ ನಿಂತುಬಿಡುತ್ತದೆ. ಅವನ್ನು ಬಿಟ್ಟರೆ ‘ಯಾಕೆ’ ಅಂತ ಹುಡುಕಲೇಬೇಕಾಗುತ್ತದೆ.

ರಾತ್ರಿಯೇ ಯಾಕೆ ಬರೆಯಬೇಕು ಅನ್ನುವುದನ್ನು ನನಗೆ ಸರಿಯಾಗಿ ತಿಳಿಸಿದ್ದು ಕೂಡ ಒಂದು ಸಿನಿಮಾ. 2014ರಲ್ಲಿ ಬಂದ ರವಿಚಂದ್ರನ್ ಅವರ ‘ದೃಶ್ಯ’ವನ್ನು ನಾನು ತಡವಾಗಿ ನೋಡಿದೆ. ಕೆಲ ದಿನ ಬಿಟ್ಟು ಅದರ ಮೂಲವಾದ, ಜೀತು ಜೋಸೆಫ್ ಅವರ 2013ರ ಮಲಯಾಳಂ ‘ದೃಶ್ಯಂ’ ನೋಡಿದೆ. ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಕೇಬಲ್ ಟಿವಿ ನಡೆಸುವ, ಹೆಚ್ಚು ಓದದ, ಸಿನಿಮಾ ಹುಚ್ಚಿನ ಒಬ್ಬ ಮನುಷ್ಯ ತನ್ನ ಮನೆಯವರನ್ನು ಉಳಿಸಿಕೊಳ್ಳಬೇಕು. ಅವನು ಊರಿನ ಜನರ ಹತ್ತಿರ ಒಂದೇ ಮಾತನ್ನು ಬೇರೆ ಬೇರೆ ಸಲ ಆಡುತ್ತಾನೆ. ಕೊನೆಗೆ ಅವರು ತಮ್ಮ ಕಣ್ಣಾರೆ ಕಂಡದ್ದನ್ನೇ ತಪ್ಪು ದಿನಾಂಕಕ್ಕೆ ಕಟ್ಟಿ ಸಾಕ್ಷಿ ಹೇಳುತ್ತಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ಮತ್ತೆ ಮತ್ತೆ ಕೇಳಿದ ಮಾತು ಅವರ ನೆನಪಾಗಿಬಿಟ್ಟಿದೆ. ‘ತಿಥಿ’ ನೋಡಿ ಬಂದು ನಾನು ಮಾಡಿದ್ದೂ ಅದೇ ಅಲ್ವಾ ಅನ್ನಿಸಿತು.

ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ನೋಡುವುದು ತುಂಬಾ ಒಳ್ಳೆಯ ಅಭ್ಯಾಸ. ಎರಡರಲ್ಲೂ ಪೊಲೀಸ್ ಅಧಿಕಾರಿ ಆಗಿರುವವರು ಆಶಾ ಶರತ್. ನಟಿ ಅವರೇ, ಪಾತ್ರ ಅದೇ. ಹಾಗಾಗಿ ಹೋಲಿಸಲು ಒಂದು ಅಳತೆ ಕೈಗೆ ಸಿಕ್ಕಿತು. ಕಥೆ ಎಷ್ಟು, ಹೇಳುವ ರೀತಿ ಎಷ್ಟು ಅನ್ನುವುದು ಅಲ್ಲಿಂದ ಬೇರೆ ಬೇರೆಯಾಗಿ ಕಾಣತೊಡಗಿತು.

ಎಡಗಡೆ ಪುಟ ಮೊದಲು ತುಂಬಿದ್ದು ‘ತಿಥಿ’ಗೇ. ಅದರ ಬಲಗಡೆಯನ್ನು ತಡವಾಗಿ, ನೆನಪಿನಿಂದ ಬರೆದಿದ್ದೆ: “ಏನೂ ಆಗುವುದಿಲ್ಲ. ಮುದುಕ ಸುಮ್ನೆ ನಡೆಯುತ್ತಲೇ ಇದ್ದಾನೆ.” ಮುಂದೆ ಒಂದೂವರೆ ವರ್ಷಕ್ಕೆ ಶಹಾಪುರದ ಹತ್ತಿರ ನಮ್ಮ ತವರಿನಲ್ಲಿ ಅಜ್ಜ ತೀರಿಕೊಂಡರು. ದಿವಸದ, ಅಂದರೆ ತಿಥಿಯ, ಅಡುಗೆ ಒಲೆ ಮೇಲಿತ್ತು. ಅಂಗಳದಲ್ಲಿ ಹೊಲದ ಪಹಣಿಯ ಮಾತು ಶುರುವಾಗಿತ್ತು. ಒಂದು ಕಡೆ ಅಳು, ಒಂದು ಕಡೆ ಎಕರೆಯ ಲೆಕ್ಕ, ಇನ್ನೊಂದು ಕಡೆ ಹುಡುಗರು ಮೊಬೈಲ್ ಹಿಡಿದು ನಗುತ್ತಿದ್ದರು. ಯಾರೂ ಕೆಟ್ಟವರಲ್ಲ. ಊರಿಗೆ ಮರಳಿ ಬಂದು ಆ ಸಿನಿಮಾವನ್ನು ಮತ್ತೆ ನೋಡಿದೆ. ನೂರು ದಾಟಿದ ಸೆಂಚುರಿ ಗೌಡರು ಸತ್ತ ಮೇಲೆ ಮೊಮ್ಮಗ ಜಮೀನು ಮಾರಲು ಓಡಾಡುತ್ತಾನೆ, ಮಗ ಗಡ್ಡಪ್ಪ ಯಾವುದೂ ಬೇಡ ಅಂತ ಹೊರಟುಬಿಡುತ್ತಾನೆ. ಈ ಸಲ ಗಡ್ಡಪ್ಪನ ನಡಿಗೆಯಲ್ಲಿ ಒಂದು ಹೆಜ್ಜೆಯೂ ಜಾಸ್ತಿ ಅನ್ನಿಸಲಿಲ್ಲ. ಎಡಗಡೆ ಅದನ್ನು ಬರೆದು ತಾರೀಕು ಹಾಕಿದೆ. ಬಲಗಡೆಯದನ್ನು ಹೊಡೆದು ಹಾಕಲಿಲ್ಲ.

‘ಕೆಜಿಎಫ್’ನದು ಇದಕ್ಕೆ ಉಲ್ಟಾ. 2018ರ ಡಿಸೆಂಬರ್‌ನಲ್ಲಿ ಥಿಯೇಟರ್ ತುಂಬಿ ತುಳುಕುತ್ತಿತ್ತು. ಬಲಗಡೆ ಪುಟ ತುಂಬ ಧೂಳು, ಬೆಂಕಿ, ರವಿ ಬಸ್ರೂರು ಅವರ ಸಂಗೀತ, ತಾಯಿಯ ಮಾತು. ಒಂದು ವರ್ಷದ ಮೇಲೆ ಟಿವಿಯಲ್ಲಿ ಬಂದಾಗ ಮತ್ತೆ ನೋಡಿ, ನಾನು ಬರೆದದ್ದನ್ನು ತೆಗೆದು ಓದಿದೆ. ನಾಯಕಿ ರೀನಾಳ ಹೆಸರು ಇಡೀ ಪುಟದಲ್ಲಿ ಒಂದು ಸಲವೂ ಬಂದಿರಲಿಲ್ಲ. ಹೆಣ್ಣುಮಗಳಾಗಿ ನನಗೇ ಅವಳು ನೆನಪಿನಲ್ಲಿ ಉಳಿದಿರಲಿಲ್ಲ ಅಂದರೆ ಸಿನಿಮಾ ಅವಳಿಗೆ ಎಷ್ಟು ಕಡಿಮೆ ಕೊಟ್ಟಿದೆ ನೋಡಿ. ಎಡಗಡೆ ಅದನ್ನೇ ಬರೆದೆ. ಆದರೂ ಅಂದು ರಾತ್ರಿ ಮೈಮೇಲೆ ಕೂದಲು ನಿಮಿರಿದ್ದು ಖರೆ. ಎರಡೂ ಮಾತು ನನ್ನವೇ.

ಈಗ ನನಗೆ ಹೆಚ್ಚು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ಒಂದು ಕೆಲಸಕ್ಕೇ ಮೀಸಲಿಟ್ಟಿದ್ದೇನೆ. ಯಾವ ಸಿನಿಮಾದಲ್ಲಿ, ಯಾವ ಧಾರಾವಾಹಿಯಲ್ಲಿ ನಮ್ಮ ಕಡೆಯ ಮಾತು ಕೇಳಿಸಿತು, ಆ ಮಾತಾಡಿದವನ ಕೆಲಸ ಏನು ಅಂತ ಅಲ್ಲಿ ಬರೆಯುತ್ತೇನೆ. ವಾಚ್‌ಮನ್, ಅಡುಗೆಯವನು, ಪೊಲೀಸ್ ಪೇದೆ, ರೌಡಿಯ ಹಿಂದೆ ನಿಲ್ಲುವವನು. ಹೆಚ್ಚಿನವು ಇವೇ. ವೈದ್ಯರು, ಮೇಷ್ಟ್ರು, ಪ್ರೀತಿ ಮಾಡುವ ಹುಡುಗ ನಮ್ಮ ಮಾತಾಡುವುದು ಬಹಳ ಅಪರೂಪ. ಪ್ರೀತಿ ಹೇಳುವ ಸೀನು ಬಂದರೆ ಭಾಷೆ ತಾನಾಗಿ ಬೆಂಗಳೂರಿನದಾಗುತ್ತದೆ.

ಆ ವಾಚ್‌ಮನ್, ಆ ಪೇದೆ ಆಡುವುದಾದರೂ ನಮ್ಮದೇ ಮಾತಾ? ಅದೂ ಅಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಬೀದರ್ ಎಲ್ಲ ಕಲಸಿ ‘ಉತ್ತರ ಕರ್ನಾಟಕ’ ಅಂತ ಒಂದು ಮಾತು ಮಾಡಿಟ್ಟಿದ್ದಾರೆ. ಅದರಲ್ಲಿ ಎಲ್ಲರೂ ಕೂಗುತ್ತಾರೆ, ಪ್ರತಿ ಮಾತಿಗೂ ‘ಲೇ ಮಗನ’ ಅನ್ನುತ್ತಾರೆ. ನಮ್ಮ ಮನೆಗೆ ಯಾರಾದರೂ ಬಂದರೆ ಮೊದಲು ಕೇಳುವುದು “ಬರ್ರಿ, ಕೂಡ್ರಿ, ನೀರು ಕುಡೀರಿ.” ವಾಕ್ಯಕ್ಕೊಂದು ‘ರಿ’ ಇರುತ್ತದೆ. ನಾವು ‘ಮಾಡ್ಲತ್ತೀನಿ’ ಅನ್ನುತ್ತೇವೆ. ಆಸ್ಪತ್ರೆಗೆ ‘ದವಾಖಾನಿ’ ಅನ್ನುತ್ತೇವೆ. 1948ರ ಸೆಪ್ಟೆಂಬರ್ 17ರ ತನಕ ನಿಜಾಮರ ಆಳ್ವಿಕೆಯಲ್ಲಿ ಇದ್ದ ನೆಲ ಇದು. ಉರ್ದು, ತೆಲುಗು, ಮರಾಠಿ ಎಲ್ಲ ಒಂದೇ ಓಣಿಯಲ್ಲಿ ಬೆಳೆದಿವೆ. ಆ ಮೆತ್ತನೆ ದನಿಯನ್ನು ಬರೆಯಬೇಕು ಅಂದರೆ ಇಲ್ಲಿ ಬಂದು ಕೂತು ಕೇಳಬೇಕಾಗುತ್ತದೆ.

ಎಸ್.ಎಂ. ಪಂಡಿತ ರಂಗಮಂದಿರದ ಮುಂದೆ ಹೋಗುವಾಗೆಲ್ಲ ಇದು ನೆನಪಾಗುತ್ತದೆ. 1916ರಲ್ಲಿ ಇಲ್ಲೇ ಹುಟ್ಟಿದ ಪಂಡಿತರು ಮುಂಬೈಗೆ ಹೋಗಿ ಹಿಂದಿ ಸಿನಿಮಾಗಳಿಗೆ ಪೋಸ್ಟರ್ ಬರೆದರು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಪುಟ ಬರೆದರು. ಸಿನಿಮಾದ ಮುಖವನ್ನು ಬರೆದ ಊರು ಇದು. ಇದರ ದನಿ ಮಾತ್ರ ಇನ್ನೂ ಸಿನಿಮಾದಲ್ಲಿ ಸರಿಯಾಗಿ ಕೇಳಿಸಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಈಟಿವಿ ಕನ್ನಡದಲ್ಲಿ ‘ಮೂಡಲ ಮನೆ’ ಬರುತ್ತಿತ್ತು. ವೈಶಾಲಿ ಕಾಸರವಳ್ಳಿ ನಿರ್ದೇಶನ. ಅದರಲ್ಲಿ ಮನೆಮಂದಿಯೆಲ್ಲ ಉತ್ತರ ಕರ್ನಾಟಕದ ಮಾತಾಡುತ್ತಿದ್ದರು, ಯಾರನ್ನೂ ನಗಿಸಲಿಕ್ಕೆ ಅಲ್ಲ. ಅದು ಪೂರ್ತಿ ನಮ್ಮ ಕಡೆಯ ಮಾತಲ್ಲ. ಆದರೂ ಶೇಂಗಾ ಹಿಂಡಿ ಕುಟ್ಟುತ್ತಿದ್ದ ಅವ್ವ ಕೈ ನಿಲ್ಲಿಸಿ, “ನಮ್ಮಂಗೇ ಮಾತಾಡ್ಲತ್ತಾರ ನೋಡು” ಅಂದಳು. ಅವಳ ಮುಖದಲ್ಲಿ ಆಗ ಬಂದ ಖುಷಿ ನನಗೆ ಇವತ್ತಿಗೂ ಒಂದು ಅಳತೆಗೋಲು.

‘ಕಾಂತಾರ’ ಬಂದಾಗ ನನಗೆ ಒಂದು ಆಸೆ ಹುಟ್ಟಿತು. 2022ರಲ್ಲಿ ಅತ್ತಿಯನ್ನು, ಅಂದರೆ ನಮ್ಮ ಅತ್ತೆಯನ್ನು, ಕರೆದುಕೊಂಡು ಹೋಗಿದ್ದೆ. ಕರಾವಳಿಯ ಮಾತು, ಕರಾವಳಿಯ ದೈವ. ನಮ್ಮ ಥಿಯೇಟರಿನಲ್ಲಿ ಯಾರೂ ಅರ್ಥವಾಗಲಿಲ್ಲ ಅನ್ನಲಿಲ್ಲ. ಕೊನೆಯ ಇಪ್ಪತ್ತು ನಿಮಿಷ ಒಂದು ಶಿಳ್ಳೆ ಇಲ್ಲ. ಅತ್ತಿ ಕೈ ಮುಗಿದು ಕೂತಿದ್ದರು. ಹೊರಗೆ ಬಂದು, “ನಮ್ಮೂರಾಗ ವೀರಭದ್ರನ ಪುರವಂತರು ಒಡಪು ಹೇಳುವಾಗ ಹಿಂಗೇ ಮೈ ಝುಮ್ ಅಂತದ” ಅಂದರು. ಪುರವಂತರು ಅಂದರೆ ವೀರಭದ್ರನ ಸೇವೆಯಲ್ಲಿ ಕುಣಿಯುವವರು, ಒಡಪು ಅಂದರೆ ಅವರು ಗಟ್ಟಿಯಾಗಿ ಹೇಳುವ ದೇವರ ವರ್ಣನೆ. ತಮ್ಮ ಊರನ್ನು, ತಮ್ಮ ಮಾತನ್ನು ಬಿಡದೆ ಹೇಳಿದರೆ ದೂರದವರಿಗೂ ಅದು ಮುಟ್ಟುತ್ತದೆ. ಹಾಗಾದರೆ ಪುರವಂತರ ಮೇಲೆ, ಭೀಮಾ ದಂಡೆಯ ಮೇಲೆ, ತೊಗರಿ ಹೊಲದ ಮೇಲೆ ನಮ್ಮ ಮಾತಿನಲ್ಲೇ ಯಾಕೆ ಒಂದು ಸಿನಿಮಾ ಬರಬಾರದು?

ಅದೇ ರಾತ್ರಿ ಅದೇ ಪುಟದಲ್ಲಿ ಇನ್ನೊಂದನ್ನೂ ಬರೆದೆ. ನಾಯಕ ಶಿವ ಕೇಳದೆ ನಾಯಕಿ ಲೀಲಾಳ ಸೊಂಟ ಚಿವುಟುತ್ತಾನೆ, ಅದನ್ನು ಸಿನಿಮಾ ತಮಾಷೆಯಾಗಿ ತೋರಿಸುತ್ತದೆ. ಅವಳು ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವ ಹುಡುಗಿ. ಆ ಕೆಲಸಕ್ಕೆ ಬೆಲೆ ಕೊಡದ ದೃಶ್ಯ ಅದು. ಇದನ್ನು ಹೇಳಿದ್ದಕ್ಕೆ ಒಬ್ಬ ಗೆಳತಿ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದಳು. ಕೊನೆಯ ಇಪ್ಪತ್ತು ನಿಮಿಷ ಅಷ್ಟು ದೊಡ್ಡದು ಅನ್ನುವವಳೂ ನಾನೇ, ಇದು ತಪ್ಪು ಅನ್ನುವವಳೂ ನಾನೇ. ಒಂದನ್ನು ಹೇಳಲು ಇನ್ನೊಂದನ್ನು ನುಂಗಬೇಕಿಲ್ಲ.

ಧಾರಾವಾಹಿಗೆ ಈ ಕಿರ್ದಿ ಹೊಂದಲಿಲ್ಲ. ದಿನಾ ಬರುವುದನ್ನು ದಿನಾ ಬರೆದರೆ ಸಿಟ್ಟು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಹಾಗಾಗಿ ಸೋಮವಾರದಿಂದ ಶುಕ್ರವಾರ ಪೂರ್ತಿ ನೋಡಿ, ಶನಿವಾರ ಬರೆಯತೊಡಗಿದೆ. ಕೆಲವು ವಾರ ಮೊಬೈಲಿನಲ್ಲಿ ಸಮಯ ಹಿಡಿದೆ. ಒಬ್ಬರು ಒಂದು ಮಾತಾಡಿದರೆ ಸುತ್ತ ನಿಂತವರ ಮುಖವನ್ನೆಲ್ಲ ಒಂದೊಂದಾಗಿ ತೋರಿಸುವುದಕ್ಕೇ ಎಷ್ಟೋ ನಿಮಿಷ ಹೋಗುತ್ತದೆ. ಗಂಟೆಗೆ ಹನ್ನೆರಡು ನಿಮಿಷದ ತನಕ ಜಾಹೀರಾತು ಹಾಕಬಹುದು ಅಂತ ನಿಯಮವೇ ಇದೆ. ಉಳಿದದ್ದರಲ್ಲಿ ಕಥೆ ಮುಂದೆ ಹೋಗುವುದು ಸ್ವಲ್ಪವೇ. ವಾರ ವಾರ ಟಿಆರ್‌ಪಿ ನೋಡಿಕೊಂಡು ಕಥೆ ತಿರುಗಿಸುವುದರಿಂದ, ಒಳ್ಳೆಯ ಪಾತ್ರವೂ ಕೆಲವು ತಿಂಗಳಲ್ಲಿ ತನ್ನ ಸ್ವಭಾವ ಮರೆತುಬಿಡುತ್ತದೆ. ನನಗೆ ಧಾರಾವಾಹಿಗಳ ಮೇಲೆ ಇರುವ ದೊಡ್ಡ ತಕರಾರು ಇದೇ.

ಆದರೆ ಅತ್ತಿಯ ಪಕ್ಕ ಕೂತು ನೋಡಿದ ಮೇಲೆ ನನ್ನ ಬರಹ ಬದಲಾಯಿತು. ಅವರಿಗೆ ಎಪ್ಪತ್ತೆರಡು. ಶಾಲೆಗೆ ಹೋದವರಲ್ಲ. ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಇಬ್ಬರೂ ಕೂಡಿ ನೋಡುತ್ತಿದ್ದೆವು. ಗಂಡುಮಗು ಇಲ್ಲ ಅಂತ ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕ. ಉಮಾಶ್ರೀ ಆ ಪಾತ್ರ ಮಾಡಿದ್ದರು. ಒಂದು ದಿನ ಪುಟ್ಟಕ್ಕ ಅಳುವ ದೃಶ್ಯ. ಮತ್ತೆ ಅಳು ಶುರುವಾಯಿತು ಅಂತ ನಾನು ಎದ್ದು ಹೊರಟೆ. ಅತ್ತಿ ಕೈ ಹಿಡಿದು ಕೂರಿಸಿದರು.

“ಅಳ್ಲತ್ತಾಳ ಖರೆ. ಕೈ ನೋಡು. ಕೆಲ್ಸ ಬಿಟ್ಟಿಲ್ಲ. ಅಡ್ಗಿ ಮಾಡಾಕಿ ಹಿಂಗೇ ಅಳ್ತಾಳ.”

ನಾನು ಆ ತನಕ ಮುಖವನ್ನು ಮಾತ್ರ ನೋಡುತ್ತಿದ್ದೆ. ಅತ್ತಿ ಮೂವತ್ತು ವರ್ಷ ಬೇರೆಯವರ ಮನೆಗೆ ರೊಟ್ಟಿ ಬಡಿದುಕೊಟ್ಟು ಮಕ್ಕಳನ್ನು ಓದಿಸಿದವರು. ಅವರ ಕಣ್ಣು ಮೊದಲು ಕೈಗೆ ಹೋಗುತ್ತದೆ. ಆಮೇಲೆ ನಾನು ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ‘ಗುಲಾಬಿ ಟಾಕೀಸ್’ ಹಾಕಿ ಕೊಟ್ಟೆ. ಸಿನಿಮಾ ಅಂದರೆ ಪ್ರಾಣ ಬಿಡುವ ಸೂಲಗಿತ್ತಿಯ ಕಥೆ. ಅವಳ ಮನೆಗೆ ಟಿವಿ ಬಂದಾಗ ಓಣಿಯ ಹೆಂಗಸರೆಲ್ಲ ಬಂದು ಕೂರುತ್ತಾರೆ. ಅತ್ತಿ ಅದನ್ನು ಒಂದೇ ಕೂರಿಕೆಯಲ್ಲಿ ನೋಡಿದರು. ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ರಾತ್ರಿ ನಾನು ನೋಟ್‌ಬುಕ್ ತೆಗೆದು ಕೂತಾಗ ಬಂದು ಪಕ್ಕದಲ್ಲಿ ಕೂತರು. “ನಂದೂ ಬರಿ” ಅಂದರು. ಎಡಗಡೆ ಪುಟ ತೆಗೆದೆ. ಅವರು ಹೇಳಿದ್ದನ್ನು, ಅವರು ಹೇಳಿದ ಹಾಗೆಯೇ, ಒಂದು ಅಕ್ಷರ ತಿದ್ದದೆ ಬರೆದೆ:

“ಟಿವಿ ಬಂತು, ಮಂದಿ ಬಂದ್ರು. ಟಿವಿ ಇರೋತನ ಬಂದ್ರು. ಆಕಿ ಸಲುವಾಗಿ ಯಾರೂ ಬರ್ಲಿಲ್ಲ. ಅದಕ್ಕ ನನಗ ಹೊಟ್ಟ್ಯಾಗ ಸಂಕಟಾಯ್ತು.”

ಕೆಳಗೆ ಸಹಿ ಹಾಕಬೇಕು ಅಂದೆ. ಹೆಬ್ಬೆಟ್ಟಿಗೆ ಸ್ಟ್ಯಾಂಪ್ ಪ್ಯಾಡ್ ತಂದುಕೊಟ್ಟೆ.