ನೂರು ಬಂಗುಡೆ ಅಳೆದರೂ ಮಾದರಿ ಒಂದೇ

ಮಲ್ಪೆ ಬಂದರಿಗೆ ಬೆಳಿಗ್ಗೆ ಪ್ರಾಜೆಕ್ಟ್‌ಗೆಂದು ಬರುವ ವಿದ್ಯಾರ್ಥಿಗಳು ಒಂದೇ ಬುಟ್ಟಿಯ ಮುಂದೆ ಕುಳಿತು ನೂರು ಬಂಗುಡೆ ಮೀನಿನ ಉದ್ದ ಅಳೆದು ಎದ್ದು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಷ್ಟು ಶ್ರಮ ನೀರುಪಾಲಾಗುವುದನ್ನು ಕಂಡು ಸಂಕಟವಾಗುತ್ತದೆ.

ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಬಂಗುಡೆ ದೊಡ್ಡದಾಗುತ್ತದೆಯೇ' ಎಂಬ ಪ್ರಶ್ನೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಇಡೀ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ; ಹೋಲಿಸಿ ನೋಡಲು ನಿಷೇಧವಿಲ್ಲದ ಕಡಲು ಹತ್ತಿರದಲ್ಲಿಲ್ಲ. ಆ 61 ದಿನಗಳಲ್ಲಿ ಮೀನು ಹೇಗೂ ಬೆಳೆದಿರುತ್ತದೆ. 'ಟ್ರಾಲ್ (ಬಲೆ ಎಳೆದುಕೊಂಡು ಹೋಗುವ) ಮತ್ತು ಪರ್ಸೀನ್ (ಮೀನಿನ ಗುಂಪಿಗೆ ಸುತ್ತ ಬಲೆ ಹಾಕುವ) ಬೋಟುಗಳಲ್ಲಿ ಯಾವುದಕ್ಕೆ ಮರಿ ಬಂಗುಡೆ ಹೆಚ್ಚು ಬೀಳುತ್ತದೆ' ಎಂದು ಕೇಳಿದರೆ ಬಂದರಿನಲ್ಲೇ ಉತ್ತರವಿದೆ. ಎಷ್ಟು ಉದ್ದದವರೆಗೆ ಮರಿ ಎಂಬುದನ್ನು ಅಳೆಯುವ ಮುನ್ನವೇ ನಿಗದಿ ಮಾಡಿ.

ಎಲ್ಲರೂ ಎಡವುವುದು ಮಾದರಿ ಆರಿಸುವಾಗ. ಬಂಗುಡೆ ಗುಂಪಾಗಿ ಈಜುವ ಮೀನು. ಒಂದು ಗುಂಪಿನವು ಹೆಚ್ಚುಕಡಿಮೆ ಒಂದೇ ಗಾತ್ರ. ಹಾಗಾಗಿ ಒಂದು ಬೋಟಿನ ನೂರು ಮೀನು ಆ ಒಂದು ಬೋಟಿನ ಸುದ್ದಿಯನ್ನಷ್ಟೇ ಹೇಳುತ್ತವೆ. ಲೆಕ್ಕಕ್ಕೆ ಬರುವುದು ಬೋಟುಗಳ ಸಂಖ್ಯೆ. ನಾನಾದರೆ ಒಂದೇ ಬೋಟಿನಿಂದ ಇನ್ನೂರು ಮೀನು ಅಳೆಯುವ ಬದಲು ಇಪ್ಪತ್ತು ಬೋಟುಗಳಿಂದ ಹತ್ತು ಹತ್ತು ಅಳೆಯುತ್ತೇನೆ, ಅದನ್ನೂ ಬೇರೆ ಬೇರೆ ದಿನಗಳಲ್ಲಿ. ಪರಿಚಯದವರ ಬೋಟು, ಮೆಟ್ಟಿಲಿಗೆ ಹತ್ತಿರದ ಬೋಟು ಎಂದು ಹೋಗಬೇಡಿ. ಅಂದು ಬಂದ ಬೋಟುಗಳ ಹೆಸರು ಬರೆದು ಚೀಟಿ ಎತ್ತಿ. ಚೀಟಿಯಲ್ಲಿ ಬಂದ ಬೋಟಿಗೆ ಬಂಗುಡೆಯೇ ಬೀಳದಿದ್ದರೆ ಸೊನ್ನೆ ಬರೆಯಿರಿ. ಅದನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಲೆಕ್ಕ ಕೆಟ್ಟಿತು.

ಮೀನು ವಿಂಗಡಿಸುವ ಮುನ್ನವೇ ಅಲ್ಲಿರಬೇಕು. ಏಲಂ ಶುರುವಾಗುವಷ್ಟರಲ್ಲಿ ಸಣ್ಣವು ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಸೇರಿರಬಹುದು. ಉಳಿದ ದೊಡ್ಡದನ್ನಷ್ಟೇ ಅಳೆದವರಿಗೆ ಮರಿಗಳು ಬಿದ್ದದ್ದೇ ಗೊತ್ತಾಗುವುದಿಲ್ಲ. ಬುಟ್ಟಿಯಿಂದ ಹೆಕ್ಕುವುದೂ ಬೇಡ, ಕೈ ತಾನಾಗಿ ದೊಡ್ಡದಕ್ಕೇ ಹೋಗುತ್ತದೆ. ಚಿಕ್ಕ ಬುಟ್ಟಿಯಲ್ಲಿ ಒಮ್ಮೆ ಬಾಚಿಕೊಂಡು, ಬಂದಷ್ಟನ್ನೂ ಅಳೆಯಿರಿ.

ಅಳೆಯುವುದು ಸುಲಭ: ಮೂತಿಯಿಂದ ಬಾಲದ ಕವಲಿನವರೆಗೆ, ಎಲ್ಲ ಮೀನಿಗೂ ಹಾಗೆಯೇ. ದರ್ಜಿಯ ಟೇಪು ಹೊಟ್ಟೆಯ ಮೇಲೆ ಬಾಗಿ ಅಳತೆ ಹೆಚ್ಚಿಸುತ್ತದೆ. ಅಗ್ಗದ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆ ಅಂಚಿನಿಂದ ಕೆಲವು ಮಿಲಿಮೀಟರ್ ಒಳಗಿರುತ್ತದೆ. ಮೂತಿಯನ್ನು ಅಂಚಿಗೆ ತಾಗಿಸಿದರೆ ಪ್ರತಿ ಮೀನೂ ಗಿಡ್ಡವಾಗುತ್ತದೆ. ತುದಿಗೆ ಅಡ್ಡಪಟ್ಟಿ ಇರುವ ಮರದ ಹಲಗೆಯೇ ಸರಿ.

ಮೊದಲ ಎರಡು ದಿನದ ಅಂಕಿಗಳನ್ನು ಸಂಖ್ಯಾಶಾಸ್ತ್ರ ಬಲ್ಲವರಿಗೆ ತೋರಿಸಿ, ಇನ್ನೆಷ್ಟು ಬೋಟು ಬೇಕೆಂದು ಆಗಲೇ ಕೇಳಿ. ಬರೆಯಲು ಪೆನ್ಸಿಲ್ ಒಯ್ಯಿರಿ. ಮಂಜುಗಡ್ಡೆಯ ನೀರು ತಾಗಿದ ಹಾಳೆಯ ಮೇಲೆ ಪೆನ್ನು ಓಡುವುದಿಲ್ಲ.