ಅಮೆರಿಕದಲ್ಲಿ ಮೊದಲ ರೈಫಲ್: ಕೊಳ್ಳುವುದು, ಜೀರೋ ಮಾಡುವುದು, ಜೋಪಾನ ಮಾಡುವುದು

ಕೋವಿ ಅಂಗಡಿಯ ಬಾಗಿಲು ತಳ್ಳುವ ಮುಂಚೆ ನಿಮ್ಮ ವೀಸಾ ಯಾವುದೆಂದು ನೋಡಿಕೊಳ್ಳಿ. ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಕೊಳ್ಳಲು ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಎಚ್-1ಬಿ, ಎಲ್-1, ಎಫ್-1, ಎಚ್-4 ಮೇಲಿರುವವರ ಮಾತು ಬೇರೆ. ಅವರು ಕೋವಿಯನ್ನಾಗಲಿ ಗುಂಡುಗಳನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ರೇಂಜ್‌ನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಕೈಯಲ್ಲಿ ಹಿಡಿದರೂ ಕಾನೂನಿನ ಕಣ್ಣಿಗೆ ಅದು 'ಇಟ್ಟುಕೊಂಡಿದ್ದು'. ಗೆಳೆಯರ ಜೊತೆ ವಾರಾಂತ್ಯಕ್ಕೆ ರೇಂಜ್‌ಗೆ ಹೋಗುವ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ವಿನಾಯಿತಿಗಳಲ್ಲಿ ನಮ್ಮವರಿಗೆ ಹೊಂದುವಂಥದ್ದು ಒಂದೇ: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದಕ್ಕೆ ಹಲವು ರಾಜ್ಯಗಳಲ್ಲಿ ಬೇಟೆ ಸುರಕ್ಷತಾ ತರಬೇತಿ ಮುಗಿಸಿರಬೇಕು. ಬೇಟೆಯಾಡುವ ಆಸೆ ಇಲ್ಲದವರೂ ಆ ತರಬೇತಿಗೆ ಕೂರಲಿ, ದಂಡವಾಗುವುದಿಲ್ಲ.

ನಮ್ಮಂಥ ಕನ್ಸರ್ವೇಟಿವ್ ಕೋವಿಪ್ರಿಯರ ನಿಲುವು ಮುಚ್ಚುಮರೆಯಿಲ್ಲದ್ದು. ಕೋವಿ ಇಟ್ಟುಕೊಳ್ಳುವುದು ಸರ್ಕಾರ ದಯಪಾಲಿಸುವ ಸವಲತ್ತಲ್ಲ, 1791ರಿಂದ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿರುವ ಹಕ್ಕು. ಅದು ವ್ಯಕ್ತಿಗೆ ಸೇರಿದ ಹಕ್ಕೆಂದು ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು, 2010ರ ಮೆಕ್‌ಡೊನಾಲ್ಡ್ ತೀರ್ಪು ಅದನ್ನು ರಾಜ್ಯಗಳಿಗೂ ಅನ್ವಯಿಸಿತು. ಹಕ್ಕು ಕಾಗದದ ಮೇಲೆ ಎಷ್ಟು ಗಟ್ಟಿಯಾಗಿದ್ದರೂ ನಳಿಗೆ ಯಾವ ಕಡೆ ತಿರುಗಿದೆ ಎಂಬ ಹೊಣೆ ಹಿಡಿದವನದೇ. ಆ ಹೊಣೆ ಹೊತ್ತು ತೋರಿಸುವ ಒಬ್ಬ ಮಾಲೀಕ ನೂರು ಭಾಷಣಕ್ಕಿಂತ ಹೆಚ್ಚಾಗಿ ಈ ಹಕ್ಕನ್ನು ಕಾಯುತ್ತಾನೆ.

ಅಂಗಡಿಯ ಕಾಗದಪತ್ರ

ಲೈಸೆನ್ಸ್ ಇರುವ ಡೀಲರ್ ಬಳಿ ರೈಫಲ್ ಕೊಳ್ಳಲು ಫೆಡರಲ್ ಕಾನೂನಿನಂತೆ ಕನಿಷ್ಠ 18 ವರ್ಷ, ಕೈಬಂದೂಕಿಗೆ 21. ಕೆಲವು ರಾಜ್ಯಗಳು ರೈಫಲ್‌ಗೂ 21 ಕೇಳುತ್ತವೆ. ಅಂಗಡಿಯಲ್ಲಿ ಫಾರ್ಮ್ 4473 ಎಂಬ, ಖರೀದಿದಾರರ ವಿವರ ಕೇಳುವ ಫೆಡರಲ್ ಫಾರ್ಮ್ ತುಂಬಬೇಕು. ಕೆಲಸ ನಿಲ್ಲುವುದು ಹೆಚ್ಚಾಗಿ ವಿಳಾಸದಲ್ಲಿ. ಮನೆ ಬದಲಿಸಿ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ ಡೀಲರ್ ಮಾರುವಂತಿಲ್ಲ. ಆಗ ಹೊಸ ವಿಳಾಸವಿರುವ, ಸರ್ಕಾರ ಕೊಟ್ಟ ಇನ್ನೊಂದು ದಾಖಲೆ ಜೊತೆಗಿರಲಿ. ವಾಹನದ ನೋಂದಣಿ ಪತ್ರ ಸಾಕಾಗುತ್ತದೆ. ಗ್ರೀನ್ ಕಾರ್ಡ್‌ನವರು ಕಾರ್ಡಿನ ಮೇಲಿರುವ ಸಂಖ್ಯೆಯನ್ನೂ ಬರೆಯಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕಡ್ಡಾಯವಲ್ಲ, ಆದರೂ ಬರೆಯುವುದು ಲೇಸು: ಸಾಮಾನ್ಯ ಹೆಸರಿನವರನ್ನು ಅದೇ ಹೆಸರಿನ ಇನ್ನೊಬ್ಬನೆಂದು ತಿಳಿದು ತಡೆಹಿಡಿಯುವುದುಂಟು. ಪದೇ ಪದೇ ಹಾಗಾದರೆ ಎಫ್‌ಬಿಐಗೆ ಅರ್ಜಿ ಹಾಕಿ ಯುಪಿಐಎನ್ ಎಂಬ ಸಂಖ್ಯೆ ಪಡೆಯಬಹುದು, ಮುಂದಿನ ಸಲ ಅದನ್ನೇ ಫಾರ್ಮ್‌ನಲ್ಲಿ ತುಂಬಿ.

'ನೀವೇ ನಿಜವಾದ ಖರೀದಿದಾರರೇ' ಎಂಬ ಪ್ರಶ್ನೆಯನ್ನು ನಿಧಾನವಾಗಿ ಓದಿ. ನಿಮ್ಮ ಹಣದಲ್ಲಿ ಕೊಂಡು ಮಗನಿಗೆ ಉಡುಗೊರೆ ಕೊಡುವುದು ಸರಿ. ಭಾವಮೈದುನನ ಹಣ ತೆಗೆದುಕೊಂಡು ಅವನಿಗಾಗಿ ನಿಮ್ಮ ಹೆಸರಲ್ಲಿ ಕೊಳ್ಳುವುದು ಅಪರಾಧ. ಅವನಿಗೆ ಕೋವಿ ಇಟ್ಟುಕೊಳ್ಳುವ ಅರ್ಹತೆ ಇದ್ದರೂ ಅಪರಾಧವೇ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಫಾರ್ಮ್ ಮುಗಿದ ಮೇಲೆ ಎನ್‌ಐಸಿಎಸ್ ಎಂಬ, ಖರೀದಿದಾರರ ಹಿನ್ನೆಲೆ ನೋಡುವ ಎಫ್‌ಬಿಐ ತಪಾಸಣೆ ನಡೆಯುತ್ತದೆ. ಬಹಳ ಸಲ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ರಾಜ್ಯದ ನಿಯಮ ಇದರ ಮೇಲಿನ ಹೊರೆ: ಇಲಿನಾಯ್‌ನಲ್ಲಿ ಎಫ್‌ಒಐಡಿ ಎಂಬ ಕೋವಿ ಮಾಲೀಕರ ಗುರುತಿನ ಕಾರ್ಡ್ ಮೊದಲೇ ಬೇಕು, ಕ್ಯಾಲಿಫೋರ್ನಿಯಾದಲ್ಲಿ 10 ದಿನ ಕಾಯಬೇಕು, ನ್ಯೂಜೆರ್ಸಿಯಲ್ಲಿ ಖರೀದಿದಾರರ ಗುರುತುಪತ್ರ ಬೇಕು. ಅಪರಾಧಿಗೆ ಕೋವಿ ಸಿಗಬಾರದು ಎಂಬ ತಪಾಸಣೆಗೆ ನಮ್ಮ ತಕರಾರಿಲ್ಲ. ಪ್ರಾಮಾಣಿಕ ಮಾಲೀಕರ ಪಟ್ಟಿ ಕಟ್ಟಿಡುವ ನೋಂದಣಿಗೆ ಇದೆ, ಮತ್ತು ಫೆಡರಲ್ ಮಟ್ಟದಲ್ಲಿ ಅಂಥ ನೋಂದಣಿಯನ್ನು 1986ರ ಕಾಯಿದೆ ನಿಷೇಧಿಸಿದೆ.

ಯಾವ ರೈಫಲ್

.22 ಎಲ್‌ಆರ್ (ಲಾಂಗ್ ರೈಫಲ್) ಎಂಬ ಸಣ್ಣ ಗುಂಡಿನದು. ಬೇರೆ ಯೋಚನೆಯೇ ಬೇಡ. ಹೊಡೆದಾಗ ಕೋವಿ ಹಿಂದಕ್ಕೆ ಒದೆಯುವುದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬೆಚ್ಚುವ ಚಟ ಹತ್ತುವುದಿಲ್ಲ. ದೊಡ್ಡ ರೈಫಲ್‌ನಲ್ಲಿ ಶುರು ಮಾಡಿದವರು ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚಲು ಕಲಿತುಬಿಡುತ್ತಾರೆ, ಅದನ್ನು ಬಿಡಿಸಲು ತಿಂಗಳುಗಳು ಬೇಕು. 1964ರಿಂದ ಬರುತ್ತಿರುವ ರೂಗರ್ 10/22 ತಾನೇ ಗುಂಡು ತುಂಬಿಕೊಳ್ಳುವ ರೈಫಲ್, ಹತ್ತು ಗುಂಡಿನ ಸುತ್ತುವ ಮ್ಯಾಗಜೀನ್ ಅದರದು. ಬಿಡಿಭಾಗ ಎಲ್ಲೆಡೆ ಸಿಗುತ್ತವೆ. ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆಯುವ ಸಿಝಡ್ 457 ದುಬಾರಿ, ಆದರೆ ನಿಖರತೆಯಲ್ಲಿ ಮೇಲು. ಕಲಿಯುವವರಿಗೆ ಬೋಲ್ಟ್ ರೈಫಲ್ಲೇ ಸರಿ ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಪ್ರತಿ ಗುಂಡಿನ ನಡುವೆ ಅದು ತಾನಾಗಿ ಬಿಡುವು ಕೊಡುತ್ತದೆ.

ಗುಂಡು ಕೊಳ್ಳುವಾಗ ನಳಿಗೆಯ ಮೇಲೆ ಕೊರೆದಿರುವುದನ್ನೇ ನಂಬಿ. .22 ಮ್ಯಾಗ್ನಮ್ ಬೇರೆಯೇ ಅಳತೆ. ಅದರ ಚೇಂಬರ್‌ಗೆ, ಅಂದರೆ ಗುಂಡು ಕೂರುವ ಜಾಗಕ್ಕೆ, ಎಲ್‌ಆರ್ ಗುಂಡು ಸಡಿಲವಾಗಿ ಕೂರುತ್ತದೆ, ಹೊಡೆದಾಗ ಹಿತ್ತಾಳೆಯ ಕೇಸ್ ಸೀಳಿ ಬಿಸಿ ಅನಿಲ ಮುಖದ ಕಡೆ ಬರಬಹುದು. ಮೊದಲಿಗೆ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ತೆಗೆದುಕೊಳ್ಳಿ: 40 ಗ್ರೇನ್ ತೂಕ, ಸೆಕೆಂಡಿಗೆ 1070 ಅಡಿ ವೇಗ. ಶಬ್ದದ ವೇಗಕ್ಕಿಂತ ಕೆಳಗಿರುವುದರಿಂದ ದಾರಿಯುದ್ದಕ್ಕೂ ಸಮನಾಗಿ ಹಾರುತ್ತದೆ.

ಸ್ಕೋಪ್ ಕೂರಿಸುವುದು

ಗುರಿ ತಪ್ಪುವ ರೈಫಲ್‌ಗಳಲ್ಲಿ ಬಹುಪಾಲು ದೋಷ ನಳಿಗೆಯಲ್ಲಿರುವುದಿಲ್ಲ, ಸ್ಕ್ರೂಗಳಲ್ಲಿರುತ್ತದೆ. ಸ್ಕೋಪ್ ಕೂರುವ ಪಟ್ಟಿಯ (ರೈಲ್) ಸ್ಕ್ರೂಗಳನ್ನು ಬಿಚ್ಚಿ, ಕಾರ್ಖಾನೆಯ ಎಣ್ಣೆಯನ್ನು ಆಲ್ಕೊಹಾಲ್‌ನಲ್ಲಿ ಒರೆಸಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದೇ ಹನಿ ಹಾಕಿ ಬಿಗಿ ಮಾಡಿ. ಕೆಂಪು ಲಾಕ್‌ಟೈಟ್ ಬೇಡ, ಮತ್ತೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಸ್ಕೋಪನ್ನು ಹಿಡಿಯುವ ರಿಂಗ್‌ಗಳ ಸ್ಕ್ರೂಗಳಿಗೆ 15ರಿಂದ 18 ಇಂಚು-ಪೌಂಡ್ ಸಾಕು. ಹೆಚ್ಚು ಬಿಗಿದರೆ ಸ್ಕೋಪಿನ ಕೊಳವೆ ನಜ್ಜಾಗಿ ಒಳಗಿನ ಗುರಿ ಹೊಂದಿಸುವ ಕ್ಲಿಕ್‌ಗಳು ಸರಿಯಾಗಿ ಸರಿಯುವುದಿಲ್ಲ. ಎರಡೂ ಬದಿಯ ಸಂದು ಒಂದೇ ಅಳತೆ ಇರುವಂತೆ ಸ್ಕ್ರೂಗಳನ್ನು ಕರ್ಣವಾಗಿ, ಸ್ವಲ್ಪ ಸ್ವಲ್ಪವೇ ತಿರುಗಿಸಿ.

ರಿಂಗ್ ಸಡಿಲವಿರುವಾಗಲೇ ಕಣ್ಣು ಮುಚ್ಚಿ ಕೆನ್ನೆಯನ್ನು ಹಿಡಿಕೆಗೆ ಒತ್ತಿ ಕಣ್ಣು ತೆರೆಯಿರಿ. ಚಿತ್ರದ ಸುತ್ತ ಕಪ್ಪು ನೆರಳು ಕಂಡರೆ ನೆರಳು ಹೋಗುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಸ್ಕೋಪ್ ಕೊಳ್ಳುವಾಗಲೇ ರಿಮ್‌ಫೈರ್ (.22ರಂಥ ಗುಂಡಿನ ಬಗೆ) ಎಂದು ಬರೆದದ್ದನ್ನು ಆರಿಸಿ, ಅದರ ಪ್ಯಾರಲಾಕ್ಸ್ ಸಾಮಾನ್ಯವಾಗಿ 50 ಗಜಕ್ಕೆ ಹೊಂದಿಸಿರುತ್ತದೆ. 100 ಗಜಕ್ಕೆ ಹೊಂದಿಸಿದ ಸ್ಕೋಪಿನಲ್ಲಿ 25 ಗಜದ ಗುರಿ ನೋಡುವಾಗ ತಲೆ ಚೂರು ಅಲುಗಿದರೂ ಗುರಿಗೆರೆ ಕಾಗದದ ಮೇಲೆ ಓಡಾಡುತ್ತದೆ.

ಜೀರೋ ಮಾಡುವುದು

ಸ್ಕೋಪಿನ ಗುರಿಗೆರೆ ಎಲ್ಲಿದೆಯೋ ಗುಂಡೂ ಅಲ್ಲೇ ಬೀಳುವಂತೆ ಹೊಂದಿಸುವುದೇ ಜೀರೋ. ರೇಂಜ್‌ನಲ್ಲಿ ಕಣ್ಣಿಗೆ ಝಡ್87.1 ಎಂಬ ಸುರಕ್ಷತಾ ಗುರುತಿನ ಕನ್ನಡಕ, ಕಿವಿಗೆ ರಕ್ಷಣೆ. ಒಳಾಂಗಣ ರೇಂಜ್ ಆದರೆ ಕಿವಿಯೊಳಗೊಂದು ಪ್ಲಗ್, ಮೇಲೊಂದು ಮಫ್. ಸಾಲು ಕೋಲ್ಡ್ (ಎಲ್ಲರೂ ಹೊಡೆಯುವುದನ್ನು ನಿಲ್ಲಿಸಿ) ಎಂದು ಕೂಗಿದ ಕೂಡಲೇ ಮ್ಯಾಗಜೀನ್ ತೆಗೆದು, ಬೋಲ್ಟ್ ತೆರೆದು, ಚೇಂಬರ್‌ಗೆ ಖಾಲಿಯೆಂದು ತೋರಿಸುವ ಹಳದಿ ಫ್ಲ್ಯಾಗ್ ತೂರಿಸಿ ಮೇಜಿನಿಂದ ಹಿಂದೆ ಸರಿಯಿರಿ. ಬ್ಯಾಗ್ ಮುಟ್ಟಲೂ ಮುಂದೆ ಹೋಗಬೇಡಿ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇದ್ದೇ ಇರಬೇಕು: ಈ ಪುಟ್ಟ ಗುಂಡು ಒಂದೂವರೆ ಮೈಲಿ ಹೋಗಬಲ್ಲದು ಎಂಬ ಎಚ್ಚರಿಕೆ ಪೆಟ್ಟಿಗೆಯ ಮೇಲೆಯೇ ಇರುತ್ತದೆ.

ಒಂದು ಇಂಚಿನ ಚೌಕಗಳಿರುವ ಗುರಿಹಾಳೆಯನ್ನು 25 ಗಜದಲ್ಲಿ ಅಂಟಿಸಿ. ರೈಫಲ್ಲನ್ನು ಮರಳು ಚೀಲದ ಮೇಲೆ ಮುಂದಿನ ಮರದ ಭಾಗದಿಂದ ಇಡಿ. ನಳಿಗೆ ಚೀಲಕ್ಕೆ ತಗುಲಿದರೆ ಪ್ರತಿ ಗುಂಡಿಗೂ ಬೇರೆ ಬೇರೆ ಒತ್ತಡ ಬೀಳುತ್ತದೆ. ಗುರಿ ಹಿಡಿದು ಕಣ್ಣು ಮುಚ್ಚಿ, ಒಂದು ಉಸಿರು ಒಳಗೆಳೆದು ಬಿಟ್ಟು ಕಣ್ಣು ತೆರೆಯಿರಿ. ಗುರಿಗೆರೆ ಪಕ್ಕಕ್ಕೆ ಸರಿದಿದ್ದರೆ ಕೈಬಲದಿಂದ ಎಳೆದು ತರಬೇಡಿ, ಸೊಂಟ ಅಥವಾ ಚೀಲವನ್ನು ಸರಿಸಿ. ಉಸಿರು ಬಿಟ್ಟ ಮೇಲಿನ ಸಹಜ ವಿರಾಮದಲ್ಲಿ ಬೆರಳ ತುದಿಯ ಮೆತ್ತನೆಯ ಭಾಗದಿಂದ ಟ್ರಿಗರನ್ನು ನೇರ ಹಿಂದಕ್ಕೆ ಒತ್ತಿ. ಗುಂಡು ಹೋದ ಮೇಲೂ ಟ್ರಿಗರನ್ನು ಒಂದು ಕ್ಷಣ ಒತ್ತಿಯೇ ಹಿಡಿದು, ಗುರಿಗೆರೆ ಯಾವ ಕಡೆ ಜಿಗಿಯಿತು ಎಂದು ನೋಡಿ.

ಐದು ಗುಂಡು ಹೊಡೆಯುವವರೆಗೆ ಟರೆಟ್ (ಸ್ಕೋಪಿನ ಹೊಂದಿಸುವ ತಿರುಗುಗುಂಡಿ) ಮುಟ್ಟಬೇಡಿ. ಒಂದೊಂದೇ ಗುಂಡಿನ ಬೆನ್ನು ಹತ್ತಿ ತಿರುಗಿಸುವವರಿಗೆ ಸಂಜೆಯಾದರೂ ಜೀರೋ ಸಿಗುವುದಿಲ್ಲ. ಐದು ರಂಧ್ರಗಳ ಗುಂಪಿನ (ಗ್ರೂಪ್) ನಡುಬಿಂದುವಿನಿಂದ ಅಳೆಯಿರಿ. ಎಂಒಎ ಎಂದರೆ 100 ಗಜದಲ್ಲಿ ಸುಮಾರು ಒಂದು ಇಂಚಾಗುವ ಕೋನ. ಕಾಲು ಎಂಒಎ ಕ್ಲಿಕ್ಕಿನ ಸ್ಕೋಪಿನಲ್ಲಿ 25 ಗಜಕ್ಕೆ ಒಂದು ಇಂಚಿಗೆ 16 ಕ್ಲಿಕ್, 50 ಗಜಕ್ಕೆ 8. ಟರೆಟ್ ಮೇಲಿನ ಬಾಣ ಗುಂಡು ಸರಿಯುವ ದಿಕ್ಕನ್ನು ತೋರಿಸುತ್ತದೆ. 50 ಗಜದಲ್ಲಿ ಗ್ರೂಪ್ ಒಂದೂವರೆ ಇಂಚು ಕೆಳಗೆ, ಒಂದು ಇಂಚು ಬಲಕ್ಕೆ ಇದ್ದರೆ ಮೇಲಕ್ಕೆ 12, ಎಡಕ್ಕೆ 8 ಕ್ಲಿಕ್. 25ರಲ್ಲಿ ಸರಿಯಾದ ಮೇಲೆ 50ಕ್ಕೆ ಹೋಗಿ. ಅಲ್ಲಿ ಗುಂಡು ಅರ್ಧ ಇಂಚಿನಷ್ಟು ಕೆಳಗೆ ಬೀಳುವುದು ಸಹಜ, 4 ಕ್ಲಿಕ್ ಮೇಲಕ್ಕೆ ಹೋದರೆ ಮುಗಿಯಿತು.

50 ಗಜದ ಜೀರೋ ಇಟ್ಟುಕೊಂಡು 100 ಗಜದಲ್ಲಿ ಹೊಡೆದರೆ ಗುಂಡಿನ ವೇಗ ನೋಡಿಕೊಂಡು 6ರಿಂದ 8 ಇಂಚು ಕೆಳಗೆ ಬೀಳುತ್ತದೆ. ಗಾಳಿ ಇನ್ನೂ ಕಠಿಣ. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ 50 ಗಜದಲ್ಲಿ ಒಂದು ಇಂಚು, 100 ಗಜದಲ್ಲಿ 4 ಇಂಚಿನಷ್ಟು ತಳ್ಳುತ್ತದೆ. ಹೆಚ್ಚು ವೇಗದ ಗುಂಡು ಕಡಿಮೆ ಓಲಾಡುತ್ತದೆ ಎಂದುಕೊಳ್ಳುವವರೇ ಹೆಚ್ಚು; .22ರಲ್ಲಿ ಅದು ತಲೆಕೆಳಗು. ಶಬ್ದದ ವೇಗ ದಾಟಿ ಹೊರಟ ಗುಂಡು ಆ ಗಡಿಯ ಸುತ್ತ ವೇಗವನ್ನು ಬೇಗ ಕಳೆದುಕೊಳ್ಳುವುದರಿಂದ ಗಾಳಿಗೆ ಹೆಚ್ಚೇ ಸರಿಯುತ್ತದೆ.

ಗ್ರೂಪ್ ಮೇಲೆ-ಕೆಳಗೆ ಉದ್ದವಾಗಿ ಚೆದುರಿದರೆ ಉಸಿರಾಟವನ್ನೋ ಗುಂಡಿನ ವೇಗದ ಏರುಪೇರನ್ನೋ ಅನುಮಾನಿಸಿ. ಅಡ್ಡಕ್ಕೆ ಚೆದುರಿದರೆ ಗಾಳಿ ಅಥವಾ ಬೆರಳು. ಎಲ್ಲ ಕಡೆ ಚೆದುರಿದರೆ ಮೊದಲು ಸ್ಕೋಪಿನ ಸ್ಕ್ರೂ, ಆಮೇಲೆ ರೈಫಲ್ಲನ್ನು ಮರದ ಹಿಡಿಕೆಗೆ ಬಿಗಿದಿರುವ ಸ್ಕ್ರೂ ಪರೀಕ್ಷಿಸಿ. 10/22ರಲ್ಲಿ ಅದು ಒಂದೇ ಒಂದು. ಎರಡೂ ಬಿಗಿಯಿದ್ದರೆ ಬೇರೆ ಬ್ರ್ಯಾಂಡಿನ ಗುಂಡು ಹಾಕಿ ನೋಡಿ. ಪ್ರತಿ .22 ನಳಿಗೆಗೂ ತನ್ನದೇ ಇಷ್ಟವಿರುತ್ತದೆ, ಒಂದೇ ಮಾಡೆಲ್‌ನ ಎರಡು ರೈಫಲ್ ಎರಡು ಬೇರೆ ಗುಂಡನ್ನು ಮೆಚ್ಚುತ್ತವೆ. ಬ್ರ್ಯಾಂಡ್ ಬದಲಿಸಿದ ಮೇಲೆ ಮೊದಲ ಹತ್ತು ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ: ಹಳೆಯ ಗುಂಡಿನ ಮೇಣ ಹೋಗಿ ಹೊಸದರದು ನಳಿಗೆಗೆ ಹತ್ತಬೇಕು.

ಟ್ರಿಗರ್ ಎಳೆದಾಗ ಬರೀ ಕ್ಲಿಕ್ ಎಂದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯಬಹುದು. ಸಿಡಿಮದ್ದು ಕೇಸಿನ ಅಂಚಿನಲ್ಲಿರುವ ಕಾರಣ ಒಂದು ಜಾಗದಲ್ಲಿ ಇಲ್ಲದೆ ಹೋಗುವುದುಂಟು, ಹಾಗಾಗಿ ಗುಂಡನ್ನು ತಿರುಗಿಸಿ ಹಾಕಿದರೆ ಎಷ್ಟೋ ಸಲ ಹೊಡೆಯುತ್ತದೆ. 'ಪುಸ್' ಎಂದು ಮಾತ್ರ ಸದ್ದು ಬಂದರೆ ಮುಂದಿನ ಗುಂಡು ಹೊಡೆಯಲೇಬೇಡಿ. ಖಾಲಿ ಮಾಡಿ, ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಬಂದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಮನೆಗೆ ಬಂದ ಮೇಲೆ

ಮೊದಲು ಕೈ, ಆಮೇಲೆ ಕೋವಿ. ಸೀಸದ ಪುಡಿ ಕೈಗೂ ಬಟ್ಟೆಗೂ ಅಂಟಿರುತ್ತದೆ. ತಣ್ಣೀರು ಮತ್ತು ಸೋಪಿನಲ್ಲಿ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಕ್ಕಳನ್ನು ಎತ್ತಿಕೊಳ್ಳಿ. .22 ನಳಿಗೆಯನ್ನು ಪ್ರತಿ ಸಲ ಉಜ್ಜುವುದು ಬೇಡ. ನಿಖರತೆ ಕುಸಿದಾಗ ಸಾಕು. 10/22ರ ಹಿಂಭಾಗ ಮುಚ್ಚಿರುವುದರಿಂದ ರಾಡ್ ಬಾಯಿಯ ಕಡೆಯಿಂದ ಹೋಗಬೇಕಾಗುತ್ತದೆ, ಅದು ತುದಿಯ ಅಂಚನ್ನು ಸವೆಸಿದರೆ ನಿಖರತೆ ಹೋದಂತೆಯೇ. ಚೇಂಬರ್ ಕಡೆಯಿಂದ ಬೋರ್‌ಸ್ನೇಕ್ ಹಗ್ಗ ಎಳೆಯುವುದು ಕ್ಷೇಮ. ಬೋಲ್ಟಿನ ಮುಖ ಮತ್ತು ಚೇಂಬರ್ ಅಂಚಿನ ಮಸಿ ಮಾತ್ರ ಪ್ರತಿ ಸಲವೂ ತೆಗೆಯಿರಿ, ಗುಂಡು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಬೋಲ್ಟಿಗೆ ಎಣ್ಣೆ ಎರಡು ಹನಿ. ಮ್ಯಾಗಜೀನ್ ಒಳಗೆ ಎಣ್ಣೆ ಹಾಕಿದರೆ ಮಸಿ ಕಚ್ಚಿ ಸುತ್ತುವುದೇ ನಿಲ್ಲುತ್ತದೆ.

ಬೀಗವಿರುವ ಉಕ್ಕಿನ ಕಪಾಟು, ಗುಂಡುಗಳಿಗೆ ಬೇರೆ ಬೀಗ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಎಂಬ ಕೋವಿ ಸುರಕ್ಷತಾ ಕಾರ್ಯಕ್ರಮ ಉಚಿತವಾಗಿ ಕೇಬಲ್ ಬೀಗ ಹಂಚುತ್ತದೆ, ಕಪಾಟು ಬರುವವರೆಗೆ ಅದನ್ನು ಬಳಸಿ. ಕಾರಿನ ಹಿಂದೆ ಕೋವಿ ಕಂಪನಿಯ ಸ್ಟಿಕರ್ ಅಂಟಿಸುವುದನ್ನು ಬಿಡಿ. ಯಾವ ಕಾರಿನ ಗಾಜು ಒಡೆಯಬೇಕೆಂದು ಕಳ್ಳನಿಗೆ ನೀವೇ ಹೇಳಿಕೊಟ್ಟಂತಾಗುತ್ತದೆ.

ಮುಂದೆ ಸೈಲೆನ್ಸರ್ ಹಾಕುವ ಆಸೆಯಾದರೆ 1934ರ ಕಾಯಿದೆ ಹೇರಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. ನೋಂದಣಿ ಮತ್ತು ಅನುಮತಿ ಹಾಗೇ ಉಳಿದಿವೆ. ಕಿವಿ ಉಳಿಸುವ ಸಾಧನಕ್ಕೆ ಇಷ್ಟು ಕಟ್ಟಳೆ ಏಕೆಂದು ನಿಮ್ಮ ಪ್ರತಿನಿಧಿಗೆ ಪತ್ರ ಬರೆಯುವುದು ನ್ಯಾಯವೇ. ರೈಫಲ್ ಮತ್ತು ಗುಂಡಿನ ಮೇಲಿನ 11 ಶೇಕಡ ಫೆಡರಲ್ ತೆರಿಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯಂತೆ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ ಎಂಬುದನ್ನೂ ಆ ಪತ್ರದಲ್ಲಿ ಸೇರಿಸಿ, ಎದುರು ಪಕ್ಷದವರೂ ಒಪ್ಪುವ ಮಾತು ಅದು.

ರಾಜ್ಯ ದಾಟಿ ಹೋಗುವಾಗ ಕೋವಿ ಖಾಲಿಯಿರಬೇಕು. ಕೋವಿಯೂ ಗುಂಡೂ ಡಿಕ್ಕಿಯಲ್ಲಿರಬೇಕು. ಡಿಕ್ಕಿ ಇಲ್ಲದ ವಾಹನವಾದರೆ ಎರಡೂ ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ. ಗ್ಲೋವ್ ಬಾಕ್ಸ್ ಮತ್ತು ನಡುವಿನ ಕನ್ಸೋಲ್ ಪೆಟ್ಟಿಗೆಯ ಲೆಕ್ಕಕ್ಕೆ ಬರುವುದಿಲ್ಲ. ಹೊರಟ ರಾಜ್ಯ, ತಲುಪುವ ರಾಜ್ಯ ಎರಡರಲ್ಲೂ ಆ ಕೋವಿ ಕಾನೂನುಬದ್ಧವಾಗಿದ್ದರೆ ಮಾತ್ರ 1986ರ ಕಾಯಿದೆಯ ರಕ್ಷಣೆ ಸಿಗುತ್ತದೆ. ಪೆನ್ಸಿಲ್ವೇನಿಯಾದಿಂದ ಮೇಯ್ನ್‌ಗೆ ಹೋಗುವ ದಾರಿಯಲ್ಲಿ ನ್ಯೂಜೆರ್ಸಿ ಅಥವಾ ನ್ಯೂಯಾರ್ಕ್‌ನಲ್ಲಿ ರಾತ್ರಿ ತಂಗುವ ಯೋಜನೆ ಬೇಡ, ನಿಲ್ಲದೆ ದಾಟಿ.