ವಜ್ರದ ಕಟಿಂಗ್ ಪರೀಕ್ಷಿಸುವುದು ಹೇಗೆ?

ವಜ್ರದ ಬಣ್ಣವೂ ಶುದ್ಧತೆಯೂ ಬಹುಮಟ್ಟಿಗೆ ಹರಳು ರೂಪುಗೊಳ್ಳುವಾಗಲೇ ನಿರ್ಧಾರವಾಗಿರುತ್ತವೆ; ಹೊಳಪು ಮಾತ್ರ ಸಾಣೆ ಹಿಡಿಯುವವನ ಕೈಯಲ್ಲಿರುತ್ತದೆ. ಹಾಗಿದ್ದೂ ಕೊಳ್ಳುವವರು ಮೊದಲು ವಿಚಾರಿಸುವುದು ಕ್ಯಾರಟ್, ಅಂದರೆ ತೂಕ, ಎಷ್ಟೆಂದು. ದುಂಡನೆಯ ಬ್ರಿಲಿಯಂಟ್ ಹರಳಾದರೆ, ಅಂದರೆ ಹೊಳಪಿಗಾಗಿ ಹಲವು ಮುಖಗಳನ್ನು ಕತ್ತರಿಸಿದ ಹರಳಾದರೆ, ಮೊದಲು ನೋಡಬೇಕಾದದ್ದು ಅದರ ಕಟಿಂಗ್.

ನೋಡುವ ಮುನ್ನ ಹರಳನ್ನು ಚೆನ್ನಾಗಿ ಒರೆಸಿಕೊಳ್ಳಿ. ವಜ್ರಕ್ಕೆ ಜಿಡ್ಡು ಬಹುಬೇಗ ಅಂಟುವುದರಿಂದ, ಬೆರಳು ತಾಗಿದ ಉತ್ತಮ ಹರಳೂ ಮಂಕಾಗಿ ಕಾಣುತ್ತದೆ.

ಬಳಿಕ ಹರಳನ್ನು ಪಕ್ಕದಿಂದ ನೋಡಿ. ನಡುವಿನ ಅಂಚುಪಟ್ಟಿಯ ಕೆಳಗೆ ಚೂಪಾಗುತ್ತ ಹೋಗುವ ಭಾಗದ ಇಳಿಜಾರೇ ಇಲ್ಲಿ ಮುಖ್ಯ. ವಜ್ರದೊಳಗೆ ಹೊಕ್ಕ ಬೆಳಕು ಯಾವುದೇ ಮುಖಕ್ಕೆ ಎಳೆದ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಹೋಗಲಾರದೆ ಒಳಕ್ಕೇ ಪ್ರತಿಫಲಿಸುತ್ತದೆ. ಹೀಗೆ ಒಂದು ಮಗ್ಗುಲಿನಿಂದ ಎದುರು ಮಗ್ಗುಲಿಗೆ ಪುಟಿದು ಮೇಲಿನಿಂದ ಕಣ್ಣಿಗೆ ಮರಳುವ ಬೆಳಕನ್ನೇ ನಾವು ಹೊಳಪೆನ್ನುತ್ತೇವೆ. ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೊಲ್ಕೊವ್‌ಸ್ಕಿ 1919ರಲ್ಲಿ ಲೆಕ್ಕಹಾಕಿ, ಕೆಳಭಾಗಕ್ಕೆ 40.75 ಡಿಗ್ರಿ, ಮೇಲ್ಭಾಗಕ್ಕೆ 34.5 ಡಿಗ್ರಿ ಇಳಿಜಾರನ್ನು ಸೂಚಿಸಿದ. ಇದೊಂದೇ ಸರಿಯಾದ ಅಳತೆಯೆಂದೇನೂ ಅಲ್ಲ, ಆದರೆ ಇಂದಿನ ಒಳ್ಳೆಯ ಹರಳುಗಳು ಇದರ ಆಸುಪಾಸಿನಲ್ಲೇ ಇರುತ್ತವೆ.

ಈಗ ನೇರ ಮೇಲಿನಿಂದ ನೋಡಿ. ಕೆಳಭಾಗ ತೀರಾ ಆಳವಾಗಿದ್ದರೆ ಬೆಳಕು ಎದುರು ಮಗ್ಗುಲಿನಿಂದ ಸೋರಿಹೋಗಿ, ಹರಳಿನ ನಡುವೆ ಮೊಳೆಯ ತಲೆಯಂತೆ ಕಪ್ಪು ಕಾಣುತ್ತದೆ. ತೀರಾ ಚಪ್ಪಟೆಯಾಗಿದ್ದರೆ ಅಂಚುಪಟ್ಟಿಯ ಪ್ರತಿಬಿಂಬವೇ ಒಳಗೆ ಬೂದು ಉಂಗುರವಾಗಿ ಮೂಡುತ್ತದೆ; ಇದನ್ನು ಮೀನಿನ ಕಣ್ಣು ಎನ್ನುತ್ತಾರೆ. ಪ್ರದರ್ಶನದ ಚುರುಕು ದೀಪಗಳಡಿ ಕಳಪೆ ಕಟಿಂಗ್ ಕೂಡ ಮಿನುಗುತ್ತದೆಯಾದ್ದರಿಂದ, ಹರಳನ್ನು ನೆರಳಿಗೆ ಒಯ್ದು ಮೆಲ್ಲಗೆ ಓಲಾಡಿಸಿ ನೋಡುವುದು ಅಗತ್ಯ.

ಕೊನೆಗೆ ತೂಕ ಮತ್ತು ಅಗಲವನ್ನು ಹೋಲಿಸಿ. ಒಂದು ಕ್ಯಾರಟ್ ಎಂದರೆ 0.2 ಗ್ರಾಂ, ಅಷ್ಟು ತೂಕದ ದುಂಡು ಹರಳು ಸುಮಾರು 6.5 ಮಿಲಿಮೀಟರ್ ಅಗಲವಿರಬೇಕು. ಕಚ್ಚಾ ಹರಳಿನ ಅರ್ಧದಷ್ಟು ತೂಕ ಕಟಿಂಗ್‌ನಲ್ಲೇ ಕಳೆದುಹೋಗುವುದುಂಟಾದ್ದರಿಂದ, ಉಳಿಸಿಕೊಳ್ಳುವ ಆಸೆಗೆ ಅಂಚುಪಟ್ಟಿಯನ್ನು ದಪ್ಪವಾಗಿ ಬಿಡುವವರಿದ್ದಾರೆ. ಅಗಲ 6 ಮಿಲಿಮೀಟರ್‌ಗೆ ಇಳಿದಿದ್ದರೆ, ನೀವು ಹಣ ಕೊಡುತ್ತಿರುವುದು ಮೇಲಿನಿಂದ ಕಾಣದ, ಹೊಳಪಿಗೂ ಒದಗದ ತೂಕಕ್ಕೆ.